‘ಇನ್ನು’ ಬಂದಲ್ಲಿ ಪ್ಯಾರಾ ಮುರಿದೆ

ನಾನು ಅಡಿಕೆ ಬೆಳೆಗಾರ. ಒಂದು ಕೃಷಿ ಮಾಸಿಕಕ್ಕೆ ಆಗಾಗ ಬರೆಯುತ್ತೇನೆ. ನನ್ನ ಮೊದಲ ಲೇಖನ ಅಡಿಕೆ ಕಾಯಿ ಕೊಳೆಯಿಸುವ ಕೊಳೆರೋಗ ಮತ್ತು ಅದನ್ನು ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ. ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸೇರಿಸಿ ಮಾಡುವ ದ್ರಾವಣ ಅದು. ಲೇಖನ ವಾಪಸ್ ಬಂತು. ಮೊದಲ ಪ್ಯಾರಾದ ಪಕ್ಕ ಸಂಪಾದಕರು ಪೆನ್ಸಿಲ್ಲಿನಲ್ಲಿ ಬರೆದಿದ್ದರು: “ಇದು ಏನು ಹೇಳುತ್ತಿದೆ?” ಸಿಟ್ಟು ಬಂತು. ಎಲ್ಲಾ ಹೇಳಿದ್ದೇನಲ್ಲ!

ಆ ಪ್ಯಾರಾ ಹೀಗಿತ್ತು: “ಅಡಿಕೆ ಮಲೆನಾಡಿನ ಪ್ರಮುಖ ಬೆಳೆ. ಮಳೆಗಾಲದಲ್ಲಿ ಇದಕ್ಕೆ ಕೊಳೆರೋಗ ಬರುತ್ತದೆ. 1910ರಲ್ಲೇ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಈ ರೋಗದ ಬಗ್ಗೆ ಬರೆದಿದ್ದರು. ಬೋರ್ಡೋ ಮಳೆಗೆ ಮೊದಲೇ ಹೊಡೆಯಬೇಕು. ಈಗ ಮರ ಹತ್ತುವ ಕೊನೆಗೌಡರು ಸಿಗುವುದು ಕಷ್ಟ. ಇನ್ನು ಮೈಲುತುತ್ತಿನ ವಿಷಯಕ್ಕೆ ಬಂದರೆ, ಅದರ ದರವೂ ಏರಿದೆ.”

ಒಂದು ಸಾಲೂ ಸುಳ್ಳಲ್ಲ. ಆದರೆ ಸಂತೆಯಲ್ಲಿ ನಿಂತವರ ಹಾಗೆ ಒಬ್ಬರಿಗೊಬ್ಬರು ಸಂಬಂಧ ಇಲ್ಲ. ಎರಡು ದಿನ ಬಿಟ್ಟು ಓದಿದಾಗ ಗೊತ್ತಾಯಿತು, ಓದುವವನಿಗೆ ಬೇಕಾದ ಮಾತು ನಾಲ್ಕನೇ ಸಾಲಿನಲ್ಲಿ ಅಡಗಿ ಕೂತಿದೆ. ಅದನ್ನೇ ಎತ್ತಿ ಮೊದಲಿಗಿಟ್ಟೆ:

“ಬೋರ್ಡೋ ಮಳೆಗೆ ಮೊದಲೇ ಹೊಡೆಯಬೇಕು. ಅದು ಕಾಯಿಯ ಮೇಲೆ ಪದರವಾಗಿ ಕೂತು ರೋಗವನ್ನು ಹೊರಗೇ ತಡೆಯುತ್ತದೆ. ರೋಗ ಒಳಹೊಕ್ಕ ಮೇಲೆ ಹೊಡೆದರೆ ಜಾಸ್ತಿ ಪ್ರಯೋಜನವಿಲ್ಲ. ಮಳೆಗೆ ಆ ಪದರ ತೊಳೆದುಹೋಗುತ್ತದೆ, ಅದಕ್ಕೇ 40-45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುವುದು.”

ಮೊದಲ ಸಾಲು ಓದಿದ ಕೂಡಲೇ ‘ಯಾಕೆ?’ ಅನ್ನಿಸುತ್ತದೆ ಅಲ್ವಾ? ಉಳಿದ ಸಾಲುಗಳೆಲ್ಲ ಅದಕ್ಕೇ ಉತ್ತರ. ಉತ್ತರ ಕೊಡದ ಸಾಲನ್ನು ಹೊರಗೆ ಹಾಕಿದೆ. ಕೋಲ್ಮನ್ ಅವರನ್ನು ಬಿಡಲು ಮಾತ್ರ ಹೊಟ್ಟೆ ಉರಿಯಿತು, ಹುಡುಕಿ ತಂದ ಮಾಹಿತಿ! ಆಮೇಲೆ ಅವರಿಗೆ ಬೇರೆ ಪ್ಯಾರಾ ಸಿಕ್ಕಿತು. “ಕೊಳೆರೋಗದ ಜೊತೆ ನಮ್ಮ ಗುದ್ದಾಟ ನೂರು ವರ್ಷಕ್ಕೂ ಹಳೆಯದು” ಎಂದು ಶುರು ಮಾಡಿದ ಮೇಲೆ ಅವರು ಅಲ್ಲಿ ಆರಾಮಾಗಿ ಕೂತರು.

ದ್ರಾವಣ ತಯಾರಿಸುವ ಭಾಗ ಇನ್ನೂ ಸತಾಯಿಸಿತು. “ಈಗ ಬೋರ್ಡೋ ತಯಾರಿಸುವ ವಿಧಾನ ನೋಡೋಣ” ಎಂದು ಬರೆದಿದ್ದೆ. ಅದು ಬರೀ ಹೆಸರಿನ ಬೋರ್ಡು, ಏನನ್ನೂ ಹೇಳುವುದಿಲ್ಲ. ಅದರ ಕೆಳಗೆ ಏನು ತುಂಬಿದರೂ ನಡೆಯುತ್ತದೆ, ನಾನೂ ತುಂಬಿದ್ದೆ. ನಮ್ಮ ತೋಟದಲ್ಲಿ ದ್ರಾವಣ ಯಾವಾಗ ಕೆಟ್ಟಿತ್ತು ಎಂದು ನೆನಪಿಸಿಕೊಂಡೆ. ಪ್ರತಿ ಸಲವೂ ಹಳೇ ಸುಣ್ಣ! “ಬೋರ್ಡೋ ಕೆಡುವುದು ಸುಣ್ಣದಿಂದ” ಎಂದು ತಿದ್ದಿದೆ. ಆಗ ಲೆಕ್ಕಗಳಿಗೂ ಜಾಗ ಸಿಕ್ಕಿತು: 1 ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ, ಕದಡುತ್ತಾ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುವುದು. ಮಸೆದ ಕತ್ತಿಯನ್ನು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಹಿಂದೆ ಈ ಕತ್ತಿಯ ಮಾತು ಲೇಖನದ ಕೊನೆಯಲ್ಲಿ ಒಂಟಿಯಾಗಿ ಬಿದ್ದಿತ್ತು.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಮೊದಲ ವಾಕ್ಯ ಉದ್ದವಾದರೆ ಹೇಳಬೇಕಾದದ್ದು ಬರುವಷ್ಟರಲ್ಲಿ ಓದುವವನು ಸುಸ್ತು. ಆ ಒಂದು ವಾಕ್ಯವನ್ನು ಐದಾರು ಪದಕ್ಕೆ ಇಳಿಸಲು ನೋಡುತ್ತೇನೆ. ‘ಇನ್ನು’, ‘ಅಂದಹಾಗೆ’, ‘ವಿಷಯಕ್ಕೆ ಬಂದರೆ’ ಎಂದು ಕೈ ಬರೆದರೆ ನಿಲ್ಲುತ್ತೇನೆ. ಅಲ್ಲಿ ಹೆಚ್ಚಾಗಿ ಬೇರೆಯದೇ ಪ್ಯಾರಾ ನುಸುಳಿರುತ್ತದೆ.

ಎಲ್ಲಾ ಕಡೆ ಹೀಗೇ ಬರೆಯುತ್ತೇನೆ ಅಂತಲ್ಲ. ಮರದ ಮೇಲೆ ಕೊನೆಗೌಡನ ಕಾಲು ಜಾರಿದ ಕಥೆ ಹೇಳುವಾಗ ಮುಖ್ಯ ಮಾತನ್ನು ಮೊದಲೇ ಬಿಟ್ಟರೆ ಮಜಾ ಇಲ್ಲ.

ಈಗ ಲೇಖನ ಕಳಿಸುವ ಮೊದಲು ಪ್ಯಾರಾಗಳ ಮೊದಲ ಸಾಲುಗಳನ್ನಷ್ಟೇ ಹೆಂಡತಿಗೆ ಓದಿ ಹೇಳುತ್ತೇನೆ. ಅವಳು ಅಡಿಕೆ ಸುಲಿಯುತ್ತಾ ಕೇಳುತ್ತಾಳೆ. ಹೋದ ಸಲ ನಾಲ್ಕನೆಯದಕ್ಕೆ, “ಇದನ್ನ ಆಗಲೇ ಹೇಳಿದ್ರಲ್ಲ” ಅಂದಳು. ನೋಡಿದರೆ ಹೌದು. ಎರಡನೇ ಪ್ಯಾರಾಕ್ಕೆ ಸೇರಿಸಿಬಿಟ್ಟೆ.