ಒಪ್ಪದ್ದನ್ನೂ ಬರೆದಿಟ್ಟುಕೊಂಡೆವು: ಶಿಕ್ಷಣದ ಹಕ್ಕಿಗಾಗಿ ಒಕ್ಕೂಟ ಕಟ್ಟಿದ ನನ್ನ ಅನುಭವ

ಎಲ್ಲ ಮಕ್ಕಳಿಗೂ ಶಿಕ್ಷಣ ಸಿಗಬೇಕು ಅಂದರೆ ಬೇಡ ಅನ್ನುವವರು ಯಾರೂ ಇಲ್ಲ. ಒಕ್ಕೂಟ ಕಟ್ಟಲು ಹೊರಟವರಿಗೆ ಮೊದಲ ತೊಡಕೇ ಇದು. ಎಲ್ಲರೂ ತಲೆಯಾಡಿಸುವ ಮಾತಿಗೆ ಸಹಿ ಹಾಕಿಸುವುದು ಸುಲಭ. ಅದರಿಂದ ಒಂದು ಮಗುವಿಗೂ ಶಾಲೆಯ ಬಾಗಿಲು ತೆರೆಯುವುದಿಲ್ಲ. ಯಾವ ವಯಸ್ಸಿನಿಂದ, ಎಂಥ ಶಾಲೆಯಲ್ಲಿ, ಯಾರ ದುಡ್ಡಲ್ಲಿ, ಯಾರು ಕಲಿಸಬೇಕು ಅಂತ ಕೇಳಿ ನೋಡಿ. ನಿಜವಾದ ಸಭೆ ಶುರುವಾಗುವುದು ಆಗಲೇ.

ನಾನು ಇಂಥ ಒಂದು ಒಕ್ಕೂಟದ ಸಂಚಾಲಕಿ. ನಮ್ಮಲ್ಲಿ ಶಿಕ್ಷಕರ ಸಂಘ ಇದೆ, ಬಾಲಕಾರ್ಮಿಕ ಪದ್ಧತಿಯ ವಿರುದ್ಧ ದುಡಿಯುವವರಿದ್ದಾರೆ, ವಿಶೇಷಚೇತನ ಮಕ್ಕಳ ಪೋಷಕರಿದ್ದಾರೆ, ಮಹಿಳಾ ಸಂಘಟನೆಗಳಿವೆ, ದೊಡ್ಡವರಿಗೆ ಓದು ಬರಹ ಕಲಿಸುವವರಿದ್ದಾರೆ. ಒಂದೆರಡು ದೊಡ್ಡ ಸ್ವಯಂಸೇವಾ ಸಂಸ್ಥೆಗಳೂ ಇವೆ. ಇಷ್ಟು ಜನ ಒಂದೇ ಕಾಗದಕ್ಕೆ ಮನಸಾರೆ ಸಹಿ ಹಾಕುವಂತೆ ಮಾಡುವುದೇ ನನ್ನ ಕೆಲಸದ ಬಹುಪಾಲು. ಅದನ್ನು ನಾವು ಹೇಗೆ ಮಾಡಿಕೊಂಡು ಬಂದೆವು ಅಂತ ಬರೆಯುತ್ತಿದ್ದೇನೆ.

ಮೊದಲು ಯಾರನ್ನು ಕರೆಯಬೇಕು? ನಮ್ಮ ಜೊತೆ ಹೇಗೂ ಒಪ್ಪುವವರನ್ನು ಆಮೇಲೆ ಕರೆದರೂ ನಡೆಯುತ್ತದೆ. ನಾವು ಕೇಳಿದ್ದು ಸಿಕ್ಕಿದರೆ ಯಾರ ದಿನದ ಕೆಲಸ ಬದಲಾಗುತ್ತದೋ ಅವರು ಮೊದಲು ಬರಬೇಕು. ಅಂದರೆ ಶಿಕ್ಷಕರು ಮತ್ತು ಪೋಷಕರು. 1999ರಲ್ಲಿ ಶಿಕ್ಷಣಕ್ಕಾಗಿ ಕಟ್ಟಿದ ಜಾಗತಿಕ ಒಕ್ಕೂಟವಾದ ಗ್ಲೋಬಲ್ ಕ್ಯಾಂಪೇನ್ ಫಾರ್ ಎಜುಕೇಶನ್ ಹುಟ್ಟಿದಾಗಲೂ ಹೀಗೇ ಆಗಿತ್ತು. ಆಕ್ಸ್‌ಫ್ಯಾಮ್, ಆ್ಯಕ್ಷನ್‌ಏಡ್‌ನಂಥ ಅಂತರರಾಷ್ಟ್ರೀಯ ಸ್ವಯಂಸೇವಾ ಸಂಸ್ಥೆಗಳ ಪಕ್ಕದಲ್ಲೇ ಜಗತ್ತಿನ ಶಿಕ್ಷಕ ಸಂಘಗಳ ಒಕ್ಕೂಟವಾದ ಎಜುಕೇಶನ್ ಇಂಟರ್‌ನ್ಯಾಷನಲ್ ಕೂತಿತ್ತು. ಬಾಲಕಾರ್ಮಿಕ ಪದ್ಧತಿಯ ವಿರುದ್ಧ ನಡೆದ ಗ್ಲೋಬಲ್ ಮಾರ್ಚ್ ಕೂಡ ಅಲ್ಲಿತ್ತು. ಮರುವರ್ಷ, 2000ದ ಏಪ್ರಿಲ್‌ನಲ್ಲಿ ಸೆನೆಗಲ್‌ನ ಡಾಕರ್‌ನಲ್ಲಿ ವಿಶ್ವ ಶಿಕ್ಷಣ ವೇದಿಕೆ ಸೇರಿತು. ಶಿಕ್ಷಣದ ಬಗ್ಗೆ ಗಟ್ಟಿ ಮನಸ್ಸು ಮಾಡಿದ ಯಾವ ದೇಶವೂ ದುಡ್ಡಿಲ್ಲ ಅನ್ನುವ ಕಾರಣಕ್ಕೆ ಹಿಂದೆ ಬೀಳಬಾರದು ಅಂತ ಅಲ್ಲಿ ಸರ್ಕಾರಗಳು ಮಾತು ಕೊಟ್ಟವು. ನಮ್ಮಂಥ ಒಕ್ಕೂಟಗಳು ಇವತ್ತಿಗೂ ಆ ಮಾತನ್ನು ಎತ್ತಿ ತೋರಿಸಿ ಲೆಕ್ಕ ಕೇಳುತ್ತವೆ.

ಶಿಕ್ಷಕರನ್ನು ಕರೆದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಸಭೆಯ ಕಥೆ ಹೇಳಬೇಕು. ನಮ್ಮ ಹಕ್ಕೊತ್ತಾಯದ ಕರಡಿನಲ್ಲಿ ಒಂದು ಸಾಲಿತ್ತು: ಶಿಕ್ಷಕರ ಗೈರುಹಾಜರಿಗೆ ಕಡಿವಾಣ ಹಾಕಬೇಕು. ಅದನ್ನು ತಂದವರು ಮಕ್ಕಳ ಹಕ್ಕಿನ ಸಂಘಟನೆಯವರು. ಸುಮ್ನೆ ಬರೆದದ್ದಲ್ಲ, ಶಾಲೆಗಳಿಗೆ ಹೋಗಿ ಕಣ್ಣಾರೆ ಕಂಡು ಬರೆದದ್ದು. ತರಗತಿ ಇದೆ, ಮಕ್ಕಳಿದ್ದಾರೆ, ಕಲಿಸುವವರಿಲ್ಲ. ಶಿಕ್ಷಕರ ಸಂಘದಿಂದ ಬಂದಿದ್ದ ಹಿರಿಯರು ಆ ಸಾಲು ಓದಿ ಕಾಗದ ಮಡಚಿ ಪಕ್ಕಕ್ಕಿಟ್ಟರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಚೀಲದಿಂದ ಒಂದು ಫೈಲು ತೆಗೆದರು.

ಒಬ್ಬ ಶಿಕ್ಷಕಿಗೆ ಒಂದೇ ಅವಧಿಯಲ್ಲಿ ಬಂದ ಆದೇಶಗಳು ಅದರಲ್ಲಿದ್ದವು. ಮತದಾರರ ಪಟ್ಟಿ ಪರಿಷ್ಕರಣೆ. ಮನೆ ಮನೆ ಸಮೀಕ್ಷೆ. ತರಬೇತಿ. ಲೆಕ್ಕಪತ್ರ ಒಪ್ಪಿಸಲು ಕಚೇರಿಗೆ ಬರಬೇಕೆಂಬ ಸೂಚನೆ. ಪಕ್ಕದ ಶಾಲೆಯಲ್ಲಿ ಹುದ್ದೆ ಖಾಲಿ ಇದ್ದದ್ದರಿಂದ ವಾರಕ್ಕೆರಡು ದಿನ ಅಲ್ಲಿಗೆ ನಿಯೋಜನೆ. ಪ್ರತಿಯೊಂದಕ್ಕೂ ಸಹಿ, ಮೊಹರು.

“ಮೇಡಂ, ನೀವು ಹೋದ ದಿನ ಅವರು ಶಾಲೆಯಲ್ಲಿರಲಿಲ್ಲ, ನಿಜ. ಎಲ್ಲಿದ್ದರು ಅಂತ ಇದರಲ್ಲಿದೆ, ನೋಡಿ” ಅಂದರು.

ಮಕ್ಕಳ ಹಕ್ಕಿನ ಸಂಘಟನೆಯ ಗೆಳತಿಯೂ ಬಿಡಲಿಲ್ಲ. “ಎಲ್ಲರ ಗೈರುಹಾಜರಿಯೂ ಹೀಗೆ ಆದೇಶದಿಂದಲೇ ಆದದ್ದಲ್ವಲ್ಲ ಸರ್?”

“ಅಲ್ಲ. ಅದನ್ನೂ ಬರೆಯೋಣ. ಆದರೆ ಇದನ್ನು ಬಿಟ್ಟು ಅದೊಂದನ್ನೇ ಬರೆದರೆ ನಾನು ಸಹಿ ಹಾಕುವುದಿಲ್ಲ.”

ಸಭೆ ಮುಗಿಯುವಾಗ ಆ ಒಂದು ಸಾಲು ಮೂರಾಗಿತ್ತು. ಖಾಲಿ ಹುದ್ದೆ ತುಂಬಿ. ಶಾಲೆಯ ಹೊತ್ತಿನಲ್ಲಿ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬೇಡಿ. ಶಿಕ್ಷಕರು ಇಲ್ಲದ ದಿನ ಕಾರಣವನ್ನು ಪೋಷಕರ ಸಮಿತಿ ನೋಡಬಹುದಾದ ಪುಸ್ತಕದಲ್ಲಿ ಬರೆದಿಡಿ. ಮೂರನೆಯದನ್ನು ಸೂಚಿಸಿದವರು ಶಿಕ್ಷಕರ ಸಂಘದ ಆ ಹಿರಿಯರೇ. ಪುಸ್ತಕ ಇದ್ದರೆ ಆದೇಶದ ಮೇಲೆ ಹೋದವರು ಯಾರು, ಸುಮ್ನೆ ಬಾರದವರು ಯಾರು ಅಂತ ಬೇರೆಯಾಗುತ್ತದೆ ಅನ್ನುವುದು ಅವರ ಮಾತು. ಶಿಕ್ಷಕರನ್ನು ಹೊರಗಿಟ್ಟು ಬರೆದಿದ್ದರೆ ನಮ್ಮ ಹಕ್ಕೊತ್ತಾಯ ಇಷ್ಟು ಗಟ್ಟಿಯಾಗುತ್ತಿರಲಿಲ್ಲ.

ಎಲ್ಲವೂ ಹೀಗೆ ಹೊಂದುವುದಿಲ್ಲ. ವಿಶೇಷಚೇತನ ಮಕ್ಕಳು ಎಲ್ಲರ ಜೊತೆ ಒಂದೇ ಶಾಲೆಯಲ್ಲಿ ಕಲಿಯಬೇಕು ಅನ್ನುವ ಪೋಷಕರಿದ್ದಾರೆ. ಕಿವಿ ಕೇಳದ ಮಕ್ಕಳಿಗೆ ಸಂಜ್ಞಾ ಭಾಷೆಯಲ್ಲೇ ಕಲಿಸುವ ಪ್ರತ್ಯೇಕ ಶಾಲೆ ಬೇಕು ಅನ್ನುವವರೂ ಇದ್ದಾರೆ. ಮಾಧ್ಯಮ ಯಾವ ಭಾಷೆಯದಿರಬೇಕು, ಖಾಸಗಿ ಶಾಲೆಗಳಿಗೆ ಸರ್ಕಾರದ ದುಡ್ಡು ಹೋಗಬಹುದೇ, ಪರೀಕ್ಷೆಯಲ್ಲಿ ಫೇಲು ಮಾಡಬಹುದೇ? ಇವುಗಳ ಮೇಲೆ ಗಂಟೆಗಟ್ಟಲೆ ವಾದ ಆಗಿದೆ. ಅದಕ್ಕೆ ನಾವು ಮಾಡಿದ ಒಂದು ಕೆಲಸವನ್ನು ಬೇರೆ ಒಕ್ಕೂಟದವರೂ ಮಾಡಿ ನೋಡಲಿ ಅಂತ ನನ್ನ ಆಸೆ. ನಾವು ಒಪ್ಪಿದ್ದರ ಪಟ್ಟಿಯ ಜೊತೆಗೆ ಒಪ್ಪದ್ದರ ಪಟ್ಟಿಯನ್ನೂ ಬರೆದೆವು. ಎರಡಕ್ಕೂ ಎಲ್ಲರ ಸಹಿ ಇದೆ. ಎರಡನೇ ಪಟ್ಟಿಯಲ್ಲಿರುವ ವಿಷಯದ ಮೇಲೆ ಒಕ್ಕೂಟದ ಹೆಸರಲ್ಲಿ ಯಾರೂ ಮಾತಾಡುವಂತಿಲ್ಲ. ತಮ್ಮ ಸಂಘಟನೆಯ ಹೆಸರಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು. ವರ್ಷಕ್ಕೊಮ್ಮೆ ಆ ಪಟ್ಟಿ ಮತ್ತೆ ಮೇಜಿನ ಮೇಲೆ ಬರುತ್ತದೆ. ಒಂದೊಂದು ವಿಷಯ ಅಲ್ಲಿಂದ ಮೊದಲ ಪಟ್ಟಿಗೆ ದಾಟಿದ್ದೂ ಇದೆ.

ಇದರಿಂದ ಸಿಕ್ಕ ದೊಡ್ಡ ಲಾಭ ನಂಬಿಕೆ. ಪತ್ರಿಕಾಗೋಷ್ಠಿಯಲ್ಲಿ ಯಾರೋ ಕೆಣಕುವ ಪ್ರಶ್ನೆ ಕೇಳಿದಾಗ ನಮ್ಮ ಪ್ರತಿನಿಧಿ ಏನು ಹೇಳಿಬಿಡುತ್ತಾರೋ ಅನ್ನುವ ಅಂಜಿಕೆ ಉಳಿದವರಿಗೆ ಇರುವುದಿಲ್ಲ. ಒಕ್ಕೂಟಗಳು ಒಡೆಯುವುದು ಜಾಸ್ತಿ ಇಂಥ ಕಡೆಯೇ. ಇನ್ನೊಂದು ದುಡ್ಡಿನ ವಿಷಯ. ಒಕ್ಕೂಟದ ಕಚೇರಿ ತನ್ನ ಸದಸ್ಯರೇ ಅರ್ಜಿ ಹಾಕುವ ಅನುದಾನಕ್ಕೆ ತಾನೂ ಅರ್ಜಿ ಹಾಕಕೂಡದು. ಇದನ್ನು ನಾವು ನಿಯಮಾವಳಿಯಲ್ಲೇ ಬರೆದೆವು. ಸದಸ್ಯತ್ವದ ಶುಲ್ಕ ಚಿಕ್ಕದಿರಲಿ, ಆದರೆ ಇರಲಿ. ಕೊಟ್ಟವರಿಗೆ ಕೇಳುವ ಧೈರ್ಯ ಬರುತ್ತದೆ. ದೊಡ್ಡ ಸಂಸ್ಥೆಗೂ ಒಂದೇ ಮತ, ನಾಲ್ಕು ಜನ ಪೋಷಕರ ಗುಂಪಿಗೂ ಒಂದೇ ಮತ.

ಇನ್ನು ಅಂಕಿ ಅಂಶ. ಜಗತ್ತಿನಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳು ಮತ್ತು ಹದಿಹರೆಯದವರು ಸುಮಾರು 25 ಕೋಟಿ ಅಂತ ಯುನೆಸ್ಕೊ 2023ರಲ್ಲಿ ಅಂದಾಜು ಮಾಡಿತು. 2000ದ ಡಾಕರ್ ದಾಖಲೆಯಲ್ಲಿರುವುದು 11.3 ಕೋಟಿ. ಹಾಗಾದರೆ ಎರಡು ಪಟ್ಟಾಯಿತೇ? ಇಲ್ಲ. ಡಾಕರ್‌ನ ಲೆಕ್ಕ ಬರೀ ಪ್ರಾಥಮಿಕ ಶಾಲೆಯದು, 2023ರದರಲ್ಲಿ ಪ್ರೌಢಶಾಲೆಯ ವಯಸ್ಸಿನವರೂ ಸೇರಿದ್ದಾರೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಕರಪತ್ರ ಮಾಡಿದರೆ ನೋಡಲು ಜೋರಾಗಿರುತ್ತದೆ. ಆದರೆ ಇಲಾಖೆಯಲ್ಲಿ ಲೆಕ್ಕ ಗೊತ್ತಿರುವ ಒಬ್ಬ ಅಧಿಕಾರಿ ಇದ್ದರೆ ಸಾಕು, ನಮ್ಮ ಉಳಿದ ಹತ್ತು ಸರಿಯಾದ ಅಂಕಿಗಳೂ ಬಿದ್ದುಹೋಗುತ್ತವೆ. ನಮ್ಮಲ್ಲಿ ಪ್ರತಿ ಅಂಕಿಯನ್ನೂ ಅದನ್ನು ತಂದವರಲ್ಲದ ಇನ್ನೊಬ್ಬರು ಮೂಲಕ್ಕೆ ಹೋಗಿ ನೋಡಿದ ಮೇಲೆಯೇ ಅಚ್ಚಿಗೆ ಹೋಗುತ್ತದೆ.

ಅಧಿಕಾರಿಗಳ ಮುಂದೆ ಹೋಗುವಾಗ ಒಂದೇ ಪುಟ ಒಯ್ಯುತ್ತೇವೆ. ಅದರಲ್ಲಿ ಹಣದ ಲೆಕ್ಕ ಇರಲೇಬೇಕು. 2015ರಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ದೇಶಗಳು ಸೇರಿ ಮಾಡಿದ ಶಿಕ್ಷಣದ ಘೋಷಣೆಯ ನಂತರ ಒಪ್ಪಿಕೊಂಡ ಕಾರ್ಯಚೌಕಟ್ಟಿನಲ್ಲಿ ಸರ್ಕಾರಗಳಿಗೆ ಎರಡು ಅಳತೆಗಳಿವೆ: ಶಿಕ್ಷಣಕ್ಕೆ ದೇಶದ ಒಟ್ಟು ಉತ್ಪನ್ನದ ಶೇ. 4ರಿಂದ 6, ಸರ್ಕಾರದ ಒಟ್ಟು ಖರ್ಚಿನ ಶೇ. 15ರಿಂದ 20. ಇದನ್ನು ಹೇಳಿದರೆ ಸಾಲದು. ಬಜೆಟ್ ಓದಲು ನಾವು ನಾಲ್ಕು ಪ್ರಶ್ನೆ ಇಟ್ಟುಕೊಂಡಿದ್ದೇವೆ. ಇವು ಆ್ಯಕ್ಷನ್‌ಏಡ್ ಮತ್ತು ಜಾಗತಿಕ ಒಕ್ಕೂಟದವರು ಬಳಸುವ ಚೌಕಟ್ಟಿನಿಂದ ತೆಗೆದುಕೊಂಡವು. ಒಟ್ಟು ಬಜೆಟ್ಟಿನಲ್ಲಿ ಶಿಕ್ಷಣದ ಪಾಲೆಷ್ಟು? ಆ ಬಜೆಟ್ಟೇ ಎಷ್ಟು ದೊಡ್ಡದು, ಅಂದರೆ ತೆರಿಗೆ ಸರಿಯಾಗಿ ಬರುತ್ತಿದೆಯೇ? ಇದ್ದ ದುಡ್ಡು ಹಿಂದುಳಿದವರ ಶಾಲೆಗೆ ಹೋಗುತ್ತಿದೆಯೇ? ಕಾಗದದ ಮೇಲಿನ ದುಡ್ಡು ಶಾಲೆ ತಲುಪಿತೇ? ಎರಡನೇ ಪ್ರಶ್ನೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಚಿಕ್ಕ ಬಜೆಟ್ಟಿನಲ್ಲಿ ಶೇ. 20 ಸಿಕ್ಕರೂ ಕೊಠಡಿ ಏಳುವುದಿಲ್ಲ. ಹಾಗಾಗಿ ತೆರಿಗೆಯ ಬಗ್ಗೆ ಹೋರಾಡುವವರನ್ನೂ ನಾವು ಸದಸ್ಯರನ್ನಾಗಿ ಮಾಡಿಕೊಂಡೆವು.

“ನೀವು ಕೇಳುತ್ತಿರುವುದಕ್ಕೆ ಎಷ್ಟು ಖರ್ಚಾಗುತ್ತದೆ?” ಅಂತ ಅಧಿಕಾರಿಗಳು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಹೇಗಿರಬೇಕು ಅಂತ ನಾನು ಕಲಿತದ್ದು ಬ್ರೆಜಿಲ್‌ನವರಿಂದ. ಅಲ್ಲಿನ ರಾಷ್ಟ್ರೀಯ ಶಿಕ್ಷಣ ಹಕ್ಕಿನ ಅಭಿಯಾನ ಶುರುವಾದದ್ದೂ 1999ರಲ್ಲೇ. ಒಳ್ಳೆಯ ಶಾಲೆಯಲ್ಲಿ ಒಂದು ಮಗು ಕಲಿಯಲು ಎಷ್ಟು ಬೇಕು ಅಂತ ಅವರು ಲೆಕ್ಕ ಹಾಕಿದರು. ಶಿಕ್ಷಕರ ಸಂಬಳ, ತರಗತಿಯಲ್ಲಿ ಎಷ್ಟು ಮಕ್ಕಳು, ಗ್ರಂಥಾಲಯ, ಆಟದ ಜಾಗ, ಎಲ್ಲವನ್ನೂ ಕೂಡಿಸಿದ ಲೆಕ್ಕ. ಇರುವ ದುಡ್ಡನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸುವ ಸರ್ಕಾರಿ ರೀತಿಗೆ ಇದು ತಿರುಗುಮುರುಗು. ಶಿಕ್ಷಣ ನಿಧಿಯಾದ ಫುಂಡೆಬ್‌ನ ಮಸೂದೆಯಲ್ಲಿ ತೀರ ಚಿಕ್ಕ ಮಕ್ಕಳ ಶಿಶುವಿಹಾರಗಳನ್ನು ಕೈಬಿಟ್ಟಿದ್ದಾಗ, 2005ರಲ್ಲಿ ತಾಯಂದಿರು ತಳ್ಳುಗಾಡಿಯಲ್ಲಿ ಕೂಸುಗಳನ್ನು ಕೂರಿಸಿಕೊಂಡು ಸಂಸತ್ತಿನತ್ತ ಮೆರವಣಿಗೆ ಹೋದರು. ಶಿಶುವಿಹಾರಗಳು ನಿಧಿಯೊಳಗೆ ಬಂದವು. 2020ರಲ್ಲಿ ಫುಂಡೆಬ್ ಶಾಶ್ವತವಾದಾಗ ಆ ತಲಾ ಖರ್ಚಿನ ಲೆಕ್ಕವೂ ಸಂವಿಧಾನದೊಳಗೆ ಸೇರಿತು. ಭಾರತದಲ್ಲಿ 2002ರ 86ನೇ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿದ್ದು 6ರಿಂದ 14 ವರ್ಷದ ಮಕ್ಕಳಿಗೆ. ಆರರ ಕೆಳಗಿನವರು ಆ ಹಕ್ಕಿನ ಹೊರಗೇ ಉಳಿದರು. ಒಂದು ವಯಸ್ಸನ್ನು ಒಮ್ಮೆ ಹೊರಗಿಟ್ಟರೆ ಮತ್ತೆ ಒಳಗೆ ತರುವುದು ಎಷ್ಟು ಕಷ್ಟ ಅಂತ ಈ ಎರಡು ದೇಶಗಳನ್ನು ನೋಡಿದವರಿಗೆ ಗೊತ್ತು.

ಗೆದ್ದ ಮೇಲಿನ ಕೆಲಸಕ್ಕೆ ಒಕ್ಕೂಟ ಮೊದಲೇ ತಯಾರಿರಬೇಕು. ಕೀನ್ಯಾ 2003ರ ಜನವರಿಯಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿತು. ಅಲ್ಲಿನ ಸಂಘಟನೆಗಳು ವರ್ಷಗಟ್ಟಲೆ ಕೇಳಿದ್ದು ಅದನ್ನೇ. ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹೊಸದಾಗಿ ಶಾಲೆಗೆ ಬಂದರು. ಎಂಥ ಸಂತೋಷದ ಸುದ್ದಿ! ಆದರೆ ಕೊಠಡಿಗಳು ತುಂಬಿ ತುಳುಕಿದವು, ಶಿಕ್ಷಕರ ಸಂಖ್ಯೆ ಅದೇ ವೇಗದಲ್ಲಿ ಏರಲಿಲ್ಲ. 1994ರಲ್ಲಿ ಮಲಾವಿಯಲ್ಲೂ ಇದೇ ಆಗಿತ್ತು. ಅದಕ್ಕಾಗಿ ನಮ್ಮ ಪುಟದಲ್ಲಿ ಶುಲ್ಕ ರದ್ದು ಮಾಡಿ ಅನ್ನುವ ಸಾಲಿನ ಕೆಳಗೇ ಎಷ್ಟು ಶಿಕ್ಷಕರು, ಎಷ್ಟು ಕೊಠಡಿ, ಯಾವ ವರ್ಷದೊಳಗೆ ಅಂತ ಇರುತ್ತದೆ. ಮೇಲಿನ ಸಾಲನ್ನಷ್ಟೇ ಒಪ್ಪುತ್ತೇವೆ ಅಂದರೆ ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗುವುದಿಲ್ಲ.

ಈಗ ನಾವು ಮಾಡುತ್ತಿರುವುದು ನಾಲ್ಕನೇ ಪ್ರಶ್ನೆಯ ಕೆಲಸ. ಬಜೆಟ್ಟಿನಲ್ಲಿ ಇಟ್ಟದ್ದೆಷ್ಟು, ಬಿಡುಗಡೆ ಆದದ್ದೆಷ್ಟು, ಶಾಲೆಯ ಖಾತೆಗೆ ಬಂದದ್ದೆಷ್ಟು, ಯಾವ ತಿಂಗಳಲ್ಲಿ ಬಂತು ಅಂತ ಪೋಷಕರ ಗುಂಪುಗಳು ಮತ್ತು ಶಿಕ್ಷಕರ ಸಂಘದವರು ಜೊತೆಯಾಗಿ ಬರೆದುಕೊಳ್ಳುತ್ತಿದ್ದಾರೆ. ವರ್ಷ ಮುಗಿಯುವ ಹೊತ್ತಿಗೆ ಬಂದ ದುಡ್ಡು ಖರ್ಚಾಗದೆ ವಾಪಸ್ ಹೋಗುತ್ತದೆ. ಮುಂದಿನ ವರ್ಷ ಅದನ್ನೇ ತೋರಿಸಿ ಅನುದಾನ ಕಡಿಮೆ ಮಾಡುತ್ತಾರೆ. ಆದ್ದರಿಂದ ತಿಂಗಳ ಲೆಕ್ಕವೇ ನಮಗೆ ಮುಖ್ಯ. ವಿಶೇಷಚೇತನ ಮಕ್ಕಳ ಪೋಷಕರು ಈ ಸಲ ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದ್ದಾರೆ: ಗಾಲಿಕುರ್ಚಿ ಹೋಗುವಂಥ ಇಳಿಜಾರು ದಾರಿ ಇದೆಯೇ, ಅದು ಶೌಚಾಲಯದವರೆಗೂ ಇದೆಯೇ, ಇಲ್ಲದಿದ್ದರೆ ಕಟ್ಟಲು ಎಷ್ಟು ಬೇಕು. ಒಂದೊಂದೇ ಶಾಲೆಗೆ ಹೋಗಿ ಅಳತೆ ತೆಗೆಯುತ್ತಿದ್ದೇವೆ. ಮುಂದಿನ ಬಜೆಟ್‌ಗೆ ಮುಂಚೆ ಆ ಲೆಕ್ಕ ಒಂದೇ ಪುಟದಲ್ಲಿ ಇಲಾಖೆಯ ಮೇಜಿನ ಮೇಲಿರುತ್ತದೆ.