ಏಳುತ್ತಿರುವ ಗೋಪುರದ ಚಿತ್ರಸರಣಿ ತೆಗೆಯುವುದು ಹೇಗೆ?

ಅಗೆತ ಶುರುವಾಗುವ ಮೊದಲೇ ನಿಲ್ಲುವ ಜಾಗ ಗೊತ್ತುಮಾಡಿಕೊಳ್ಳಿ. ಖಾಲಿ ನೆಲದ ಚಿತ್ರ ಆಮೇಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಲೆಕ್ಕ ಹಾಕಬೇಕಾದದ್ದು ಗೋಪುರದ ಕೊನೆಯ ಎತ್ತರಕ್ಕೆ. ಫುಲ್ ಫ್ರೇಮ್ ಕ್ಯಾಮೆರಾಗೆ (ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಫಲಕ, 36×24 ಎಂಎಂ ಇರುವಂಥದ್ದು) 24 ಎಂಎಂ ಅಗಲನೋಟದ ಲೆನ್ಸ್ ಹಾಕಿ, ಲಂಬವಾಗಿ ಹಿಡಿದು, ಮೇಲಕ್ಕೆ ವಾಲಿಸದೆ ಮಟ್ಟವಾಗಿಟ್ಟರೆ ನೀವು ನಿಂತ ದೂರದ ಮುಕ್ಕಾಲು ಪಾಲಿನಷ್ಟು ಎತ್ತರ ಫ್ರೇಮಿಗೆ ಹಿಡಿಸುತ್ತದೆ. 300 ಮೀಟರ್ ಗೋಪುರವಾದರೆ 400 ಮೀಟರ್ ದೂರದಲ್ಲಿ ತುದಿ ಸರಿಯಾಗಿ ಅಂಚಿಗೆ ಬರುತ್ತದೆ. ಅದರ ಮೇಲೆ ಕ್ರೇನ್ ಬೇರೆ ಇರುತ್ತದೆ, ಹಾಗಾಗಿ 500 ಮೀಟರ್ ಇಟ್ಟುಕೊಳ್ಳಿ. ಕ್ಯಾಮೆರಾ ಮೇಲಕ್ಕೆತ್ತಿದರೆ ಗೋಪುರ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಕೆಳಗೆ ಹೆಚ್ಚಾಗಿ ಬಂದ ರಸ್ತೆಯನ್ನು ಆಮೇಲೆ ಕತ್ತರಿಸಿದರಾಯಿತು.

ಐಫೆಲ್ ಗೋಪುರ 1887ರಿಂದ 1889ರವರೆಗೆ ಬೆಳೆದ ಬಗೆ ಇವತ್ತಿಗೂ ಕಣ್ಣಿಗೆ ಕಟ್ಟುವುದು, ಒಂದೇ ಕಡೆಯಿಂದ ತೆಗೆದ ಚಿತ್ರಗಳನ್ನು ಸಾಲಾಗಿ ಇಟ್ಟಾಗ. ಆ ‘ಒಂದೇ ಕಡೆ’ ಅನ್ನುವುದೇ ಕಷ್ಟದ ಕೆಲಸ. ಟ್ರೈಪಾಡಿನ ಮೂರು ಕಾಲು ಊರುವ ಜಾಗಕ್ಕೆ ಬಣ್ಣದ ಚುಕ್ಕೆ ಇಡಿ, ಲೆನ್ಸಿನ ಎತ್ತರವನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಇಷ್ಟು ಸಾಲದು. ಹತ್ತಿರದ ದೀಪದ ಕಂಬದ ಅಂಚು ಹಿಂದಿನ ಕಟ್ಟಡದ ಯಾವ ಕಿಟಕಿಗೆ ತಾಗುತ್ತದೆ ಅಂತ ಮೊದಲ ಚಿತ್ರದಲ್ಲಿ ನೋಡಿಕೊಳ್ಳಿ. ಕ್ಯಾಮೆರಾ ಒಂದು ಗೇಣು ಪಕ್ಕಕ್ಕೆ ಸರಿದಿದ್ದರೂ ಕಂಬ ಕಿಟಕಿಯಿಂದ ಜರುಗಿರುತ್ತದೆ. ಈ ತಪ್ಪನ್ನು ಕಂಪ್ಯೂಟರಿನಲ್ಲಿ ಸರಿಮಾಡಲು ಆಗುವುದಿಲ್ಲ. ಸ್ವಲ್ಪ ಓರೆಯಾಗಿದ್ದರೆ ಮಾತ್ರ ಆಗುತ್ತದೆ. ಜೂಮ್ ತಾನಾಗಿಯೇ ಜಾರುತ್ತದೆ, ಆದ್ದರಿಂದ ಜೂಮ್ ಇಲ್ಲದ ಪ್ರೈಮ್ ಲೆನ್ಸ್ ಒಳ್ಳೆಯದು.

ಕ್ಯಾಮೆರಾದ ಹೊಂದಿಕೆ ಹೀಗಿರಲಿ: ಐಎಸ್‌ಒ (ಬೆಳಕಿನ ಸಂವೇದನೆ) 100, ಲೆನ್ಸಿನ ಕಂಡಿ ಎಫ್/8, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) 5500 ಕೆಲ್ವಿನ್. ವೈಟ್ ಬ್ಯಾಲೆನ್ಸ್ ಆಟೋ ಬೇಡ, ಪ್ರತಿ ಚಿತ್ರದಲ್ಲೂ ಕಾಂಕ್ರೀಟಿನ ಬಣ್ಣ ಬದಲಾಗುತ್ತದೆ. ದಿನದ ಒಂದೇ ಹೊತ್ತಿಗೆ ತೆಗೆಯಿರಿ. ಬೆಳಿಗ್ಗೆಯಾದರೆ ಬಿಸಿಗಾಳಿಯ ನಡುಕವೂ ಕಡಿಮೆ.

ವಾರಕ್ಕೊಂದರಂತೆ ಮೂರು ವರ್ಷಕ್ಕೆ 156 ಚಿತ್ರ. ವೀಡಿಯೊ ಮಾಡಿ ಸೆಕೆಂಡಿಗೆ 25ರಂತೆ ಓಡಿಸಿದರೆ ಆರು ಸೆಕೆಂಡಿಗೇ ಮುಗಿಯಿತು. ದಿನಕ್ಕೊಂದಾದರೆ ಸುಮಾರು 44 ಸೆಕೆಂಡು. ವೀಡಿಯೊ ಬೇಕಿದ್ದರೆ ದಿನಕ್ಕೊಂದು ತೆಗೆಯಲೇಬೇಕು. ಕ್ರೇನ್ ತನ್ನನ್ನೇ ಮೇಲೇರಿಸಿಕೊಳ್ಳುವ ದಿನ ಹತ್ತು ಸೆಕೆಂಡಿಗೊಂದು ಹೊಡೆಯಿರಿ.

ಗಾಜಿನ ಹಿಂದಿನಿಂದ ತೆಗೆಯುವುದಾದರೆ ರಬ್ಬರ್ ಹುಡ್ (ಲೆನ್ಸಿನ ಮುಂದೆ ಹಾಕುವ ಮೆತ್ತನೆಯ ಬಳೆ) ಅನ್ನು ಗಾಜಿಗೆ ಒತ್ತಿಹಿಡಿಯಿರಿ, ಇಲ್ಲದಿದ್ದರೆ ಒಳಗಿನ ದೀಪದ ಪ್ರತಿಬಿಂಬ ಗೋಪುರದ ಮೇಲೆ ತೇಲುತ್ತದೆ.

ಕಾಮಗಾರಿಯ ಒಳಗೆ ಅನುಮತಿ ಸಿಕ್ಕಿದರೆ ಅಲ್ಲಿ ಲೆನ್ಸ್ ಬದಲಿಸಬೇಡಿ, ಸಿಮೆಂಟ್ ಧೂಳು ನೇರ ಸೆನ್ಸರ್ ಮೇಲೆ ಕೂರುತ್ತದೆ. ಲೆನ್ಸ್ ಕ್ಯಾಪ್ ಸಮೇತ ಎಲ್ಲವನ್ನೂ ದಾರದಿಂದ ಮೈಗೆ ಕಟ್ಟಿಕೊಳ್ಳಿ. ಕೆಳಗೆ ಜನ ಕೆಲಸ ಮಾಡುತ್ತಿರುತ್ತಾರೆ.