ಅಡ್ಡಗೆರೆ ಇಲ್ಲದ ‘ಎ’

ನಾಳೆಯ ಕಾಲದ್ದು ಅನ್ನಿಸುವಂಥ ಒಂದು ಇಂಗ್ಲಿಷ್ ಫಾಂಟ್ ಮಾಡಲು ಕೂತಾಗ ನಾನು ಮೊದಲು ಹಿಡಿದದ್ದು ‘ಓ’ ಅಕ್ಷರವನ್ನು. ಪೌಲ್ ರೆನ್ನರ್ ಅವರ ಫ್ಯೂಚುರಾ ಫಾಂಟ್ (1927) ನೋಡಿದರೆ ಅದರ ‘ಓ’ ಹೆಚ್ಚುಕಡಿಮೆ ವೃತ್ತ. ಆಲ್ಡೋ ನೊವಾರೆಸೆ ಅವರ ಯೂರೋಸ್ಟೈಲ್‌ನಲ್ಲಿ (1962) ಅದು ಹಳೇ ಟಿವಿ ಪರದೆಯ ಹಾಗೆ ಮೂಲೆ ದುಂಡಾದ ಚೌಕ. ನಾನು ಎರಡನೇ ದಾರಿ ಹಿಡಿದೆ. ವೃತ್ತದ ‘ಓ’ ಅಗಲವಾಗಿ, ‘ಇ’, ‘ಎಲ್’ ಸಣಕಲಾಗಿ ಕಾಣುತ್ತವೆ. ಚೌಕದಲ್ಲಾದರೆ ಎಲ್ಲಕ್ಕೂ ಹತ್ತಿರ ಹತ್ತಿರ ಒಂದೇ ಅಗಲ ಕೊಡಬಹುದು. ಯಂತ್ರದ ಖದರು ಬರುವುದೇ ಅಲ್ಲಿಂದ.

ಕೆಲಸ ಜಾಸ್ತಿ ಹಿಡಿದದ್ದು ಆ ಮೂಲೆಗಳಿಗೆ. ನೇರ ಗೆರೆಗೆ ವೃತ್ತದ ಕಾಲುಭಾಗ ತಂದು ಅಂಟಿಸಿದರೆ, ಲೆಕ್ಕದಲ್ಲಿ ಸರಿ, ಆದರೆ ಸೇರುವ ಜಾಗದಲ್ಲಿ ಸಣ್ಣ ಗಂಟು ಕಟ್ಟಿದ ಹಾಗೆ ಕಾಣುತ್ತದೆ. ಹಾಗಾಗಿ ಬಾಗು ಸ್ವಲ್ಪ ಮೊದಲೇ ನಿಧಾನವಾಗಿ ಶುರುವಾಗಿ, ಮೂಲೆಯಲ್ಲಿ ಬಿಗಿಯಾಗಿ, ಮತ್ತೆ ಸಡಿಲವಾಗುವಂತೆ ಹ್ಯಾಂಡಲ್‌ಗಳನ್ನು (ಸಾಫ್ಟ್‌ವೇರ್‌ನಲ್ಲಿ ಗೆರೆಯ ಬಾಗು ತಿದ್ದುವ ಹಿಡಿಕೆಗಳನ್ನು) ಎಳೆದೆ. ದಪ್ಪದ ವಿಷಯವೂ ಹೀಗೇ. ಅಕ್ಷರ ಬಿಡಿಸುವ 1000 ಯೂನಿಟ್ ಅಳತೆಯ ಚೌಕಟ್ಟಿನಲ್ಲಿ ನಿಂತ ಗೆರೆ 80 ಇದ್ದರೆ ಮಲಗಿದ ಗೆರೆಯನ್ನು 72ಕ್ಕೆ ಇಳಿಸಿದೆ. ಎರಡೂ 80 ಇಟ್ಟರೆ ಮಲಗಿದ್ದೇ ದಪ್ಪ ಕಾಣುತ್ತದೆ. ‘ಓ’ ಕೂಡ ‘ಎಚ್’ಗಿಂತ ಮೇಲೆ ಕೆಳಗೆ ಕೂದಲೆಳೆಯಷ್ಟು ಹೊರಗೆ ಚಾಚಬೇಕು, ಇಲ್ಲದಿದ್ದರೆ ಗಿಡ್ಡ ಅನ್ನಿಸುತ್ತದೆ. ಹೆಸರಿಗೆ ಜ್ಯಾಮಿತಿ, ನಡೆಯುವುದೆಲ್ಲ ಕಣ್ಣಿನ ದರ್ಬಾರು!

ಇನ್ನು ‘ಎ’. ನಾಸಾದ 1975ರ ಲೋಗೋದಲ್ಲಿ ಎರಡು ‘ಎ’ಗಳಿಗೂ ಅಡ್ಡಗೆರೆ ಇಲ್ಲ, ಆದರೂ ಯಾರೂ ತಡವರಿಸುವುದಿಲ್ಲ. ಅದು ನಾಲ್ಕೇ ಅಕ್ಷರದ, ಎಲ್ಲರಿಗೂ ಗೊತ್ತಿರುವ ಹೆಸರು, ಅಲ್ವಾ? ಗೊತ್ತಿಲ್ಲದ ಪದದಲ್ಲಿ ಅದೇ ‘ಎ’ ತಲೆಕೆಳಗಾದ ‘ವಿ’ ಆಗಿಬಿಡುತ್ತದೆ. ಅದಕ್ಕೇ ಅಡ್ಡಗೆರೆ ಇರುವುದನ್ನು ಮಾಮೂಲಿ ರೂಪವಾಗಿಟ್ಟು, ಇಲ್ಲದ್ದನ್ನು ಓಪನ್‌ಟೈಪ್ ಎಂಬ ಫಾಂಟ್ ಫೈಲ್ ಮಾದರಿಯ ಸ್ಟೈಲಿಸ್ಟಿಕ್ ಸೆಟ್‌ಗೆ, ಅಂದರೆ ಬದಲಿ ರೂಪಗಳ ಗುಂಪಿಗೆ, ಹಾಕಿದೆ. ಬೇಕಾದವರು ಆನ್ ಮಾಡಿಕೊಳ್ಳಲಿ. ಸೊನ್ನೆಗೆ ಮಾತ್ರ ಓರೆಗೆರೆ ಕಡ್ಡಾಯ. ಚೌಕದ ‘ಓ’, ‘ಡಿ’, ಸೊನ್ನೆ ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಕರ್ನಿಂಗ್, ಅಂದರೆ ಅಕ್ಷರದ ಜೋಡಿಗಳ ನಡುವಿನ ಜಾಗ ಹೊಂದಿಸುವುದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ‘ಎ-ವಿ’, ‘ಎಲ್-ಟಿ’ ಜೋಡಿಗಳು ಯಾವ ಫಾಂಟ್‌ನಲ್ಲೂ ಕಾಡುತ್ತವೆ, ಇಲ್ಲೂ ಕಾಡಿದವು.

ಇಂಥ ಫಾಂಟ್ ಗೇಮ್ ಟೈಟಲ್, ಪೋಸ್ಟರ್, ಲೋಗೋ, ಡ್ಯಾಶ್‌ಬೋರ್ಡಿನ ದೊಡ್ಡ ಅಂಕಿಗಳಿಗೆ ಚೆನ್ನ. ಎಲ್ಲಾ ಕ್ಯಾಪಿಟಲ್‌ನಲ್ಲಿ ಹಾಕಿ, ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಟ್ಟರೆ ಇನ್ನೂ ಚೆನ್ನ. ಪ್ಯಾರಾಗಟ್ಟಲೆ ಓದುವ ಬರಹಕ್ಕೆ ಸುಮ್ನೆ ಹಾಕಬೇಡಿ. ಅಕ್ಷರಗಳೆಲ್ಲ ಒಂದೇ ಅಚ್ಚಿನವಾದ್ದರಿಂದ ಕಣ್ಣಿಗೆ ಹಿಡಿತ ಸಿಗುವುದಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಹಾಕುವುದಾದರೆ ಒಂದು ಹಂತ ತೆಳು ವೆಯ್ಟ್ (ಗೆರೆಯ ದಪ್ಪ) ಆರಿಸಿಕೊಳ್ಳಿ. ಬೆಳಕು ಹರಡಿ ಅಕ್ಷರ ಇರುವುದಕ್ಕಿಂತ ದಪ್ಪ ಕಾಣುತ್ತದೆ.